ಬಟಾಟಿ ಪ್ಲಾಸ್ಟಿಕ್ಕು ತಿಪ್ಪೆಯಲ್ಲಿ ಕರಗೀತೇ?

ಎರಡು ವರ್ಷದ ಹಿಂದೆ ನಮ್ಮ ಎಮ್ಮೆ ಸತ್ತಾಗ ಹೊಟ್ಟೆ ಕೊಯ್ದ ಡಾಕ್ಟರು ಒಂದು ಪುಟ್ಟಿ ತುಂಬ ಪ್ಲಾಸ್ಟಿಕ್ ಚೀಲ ತೆಗೆದು ತೋರಿಸಿದರು. ಅಂದಿನಿಂದ ಕರಗುವ ಪ್ಲಾಸ್ಟಿಕ್ಕಿನ ಹುಚ್ಚು ಹಿಡಿಯಿತು.

ಕುಂದಗೋಳ ಕಡೆ ರಂಟೆ ಹೊಡೆದು ಬಟಾಟಿ ತೆಗೆಯುವಾಗ ಸೀಳಿದ ಗಡ್ಡೆ ಯಾರೂ ಕೊಳ್ಳುವುದಿಲ್ಲ. "ಅಪ್ಪಾ, ಇದರಾಗ ಪ್ಲಾಸ್ಟಿಕ್ ಮಾಡ್ಲಿಕ್ಕೆ ಬರತೈತಿ" ಅಂದಳು ಮಗಳು. ಗಡ್ಡೆ ತುರಿದು, ನೀರಲ್ಲಿ ಕಿವುಚಿ, ಅರಿವೆಯಲ್ಲಿ ಸೋಸಿ ಬಿಟ್ಟರೆ ತಳಕ್ಕೆ ಬಿಳಿ ಹಿಟ್ಟು ಕೂಡುತ್ತದೆ. ಅದೇ ಪಿಷ್ಟ. ಒಂದು ದೊಡ್ಡ ಚಮಚ ಪಿಷ್ಟಕ್ಕೆ ನಾಲ್ಕು ಚಮಚ ನೀರು, ಒಂದು ಸಣ್ಣ ಚಮಚ ವಿನೆಗರ್, ಅಷ್ಟೇ ಗ್ಲಿಸರಿನ್. ಗ್ಲಿಸರಿನ್ ಔಷಧದಂಗಡಿಯಲ್ಲಿ ಸಿಗುತ್ತದೆ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಅಂಟಾಗಿ ತಿಳಿಯಾದಾಗ ಎಣ್ಣೆ ಸವರಿದ ತಾಟಿನಲ್ಲಿ ತೆಳ್ಳಗೆ ಹರಡಿ ಒಣಗಿಸಿದರೆ ಎರಡು ಮೂರು ದಿನಕ್ಕೆ ಹಾಳೆ ಎದ್ದು ಬರುತ್ತದೆ. ಸಂಡಿಗೆ ಮಾಡಿದ ಹೆಣ್ಣುಮಕ್ಕಳಿಗೆ ಇದೇನು ಕಷ್ಟವಲ್ಲ!

ಪಿಷ್ಟವೆಂದರೆ ಸಕ್ಕರೆ ಕಣಗಳ ಉದ್ದ ಸರಪಳಿ. ಕುದಿದಾಗ ಬಿಚ್ಚಿ, ಆರಿದಾಗ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ವಿನೆಗರ್ ಅದರ ಕವಲುಗಳನ್ನು ಕಡಿಯುತ್ತದೆ. ಗ್ಲಿಸರಿನ್ ನಡುವೆ ಕೂತು ಹಾಳೆ ಮುರಿಯದೆ ಬಾಗುವಂತೆ ಮಾಡುತ್ತದೆ.

ಈ ಹಾಳೆಯಿಂದ ಮೆಣಸಿನ ಸಸಿಗೆ ಚೀಲ ಮಾಡಿದೆ. ನೀರು ಬಿದ್ದ ಮೂರನೇ ದಿನಕ್ಕೇ ಲೊಳಲೊಳ. ತಿಪ್ಪೆಯಲ್ಲಿ ಹೂತದ್ದು ಮೂರು ವಾರಕ್ಕೆ ಹೇಳಹೆಸರಿಲ್ಲ. ಪೇಟೆಯಿಂದ ತಂದ 'ಮಣ್ಣಲ್ಲಿ ಕರಗುವ' ಚೀಲವನ್ನೂ ಪಕ್ಕದಲ್ಲೇ ಹೂತಿದ್ದೆ. ಮುಂದಿನ ಮುಂಗಾರಿಗೆ ಗೊಬ್ಬರ ಹೇರುವಾಗ ನೋಡಿದರೆ ಹಿಡಿಕೆ ಸಮೇತ ಹಾಗೇ ಇತ್ತು.

ಮೋಸ ಅನ್ನಿಸಿತು. ಆದರೆ ವಿಚಾರ ಬೇರೆ ಇದೆ. ಕಾರ್ಖಾನೆಯವರು ಗೋವಿನಜೋಳದ ಪಿಷ್ಟವನ್ನು ಸಕ್ಕರೆ ಮಾಡಿ, ಹುಳಿಬರಿಸಿ, ಮೊಸರಿನಲ್ಲಿರುವಂಥದೇ ಲ್ಯಾಕ್ಟಿಕ್ ಆಮ್ಲ ತೆಗೆದು, ಅದನ್ನು ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಾಗಿ ಹೆಣೆಯುತ್ತಾರೆ. ನೀರಿಗೆ ಜಗ್ಗದು, ಕರಗಲು ಬಿಸಿ ಬೇಕು. ಇಂಥ ಚೀಲಗಳ ಮಾನದಂಡ ಐಎಸ್ 17088. ಅದರ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯ ಗೊಬ್ಬರದಲ್ಲಿ. ಆರು ತಿಂಗಳೊಳಗೆ ನೂರಕ್ಕೆ 90ರಷ್ಟು ಕೊಳೆಯಬೇಕು. ನಮ್ಮ ತಿಪ್ಪೆ ಕಾವೇರುವುದು ಕೆಲವೇ ದಿನ. ಬೇಸಿಗೆಗೆ ಒಣಗಿ ತಣ್ಣಗೆ ಕೂತಿರುತ್ತದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಂತೆ ಇಂಥ ಚೀಲದ ಮೇಲೆ 'ಕಾಂಪೋಸ್ಟೆಬಲ್' ಎಂಬ ಗುರುತು ಇರಬೇಕು. ಅದು ಇದ್ದರೂ ದನ ಓಡಾಡುವಲ್ಲಿ ಒಗೆಯಬೇಡಿ.

ನಮ್ಮ ಬಟಾಟಿ ಹಾಳೆಯಲ್ಲಿ ಈಗ ಒಣ ಮೆಂತ್ಯ ಬೀಜ ಕಟ್ಟಿಡುತ್ತೇವೆ. ಇರುವೆ ಕಾಟ ಮಾತ್ರ ತಪ್ಪಿಲ್ಲ. ಈ ಸಲ ಹಾಳೆಗೆ ಜೇನುಮೇಣ ಸವರಿ ಮತ್ತೊಮ್ಮೆ ಸಸಿ ಹಚ್ಚುವವನಿದ್ದೇನೆ. ಮೊದಲೇ ಮಾಡಿ ನೋಡಿದವರಿದ್ದರೆ ಪತ್ರಿಕೆಗೆ ಬರೆಯಿರಿ.