ಬರೆದ ನಾಲ್ಕು, ಎಣಿಸಿದ ನಾಲ್ಕು: ಹ್ಯಾಸ್ಕೆಲ್ ಭಾಷೆಯ ಸಂಖ್ಯಾಪ್ರಕಾರಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ನಾಲ್ಕು ಸ್ಥಳಗಳಲ್ಲಿ ಒಂದು ದಿನ ಬಿದ್ದ ಮಳೆಯು ಕ್ರಮವಾಗಿ 12.5, 18, 21.5, 9 ಮಿಲಿಮೀಟರ್ ಎಂದು ಕಲ್ಪಿಸಿಕೊಳ್ಳೋಣ. ಸರಾಸರಿಯನ್ನು ಕಾಣುವುದು ಪ್ರೌಢಶಾಲೆಯ ಬಾಲಕನಿಗೂ ಸುಲಭ: ಮೊತ್ತ 61, ನಾಲ್ಕರಿಂದ ಭಾಗಿಸಿದರೆ 15.25. ಆದರೆ ಫಲನಗಳನ್ನೇ ಆಧಾರವಾಗುಳ್ಳ ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇದನ್ನೇ ಮೊದಲ ಸಲ ಬರೆಯುವ ವಿದ್ಯಾರ್ಥಿಯು ಬಹುಮಟ್ಟಿಗೆ ಎಡವುವನು. 'ಸಮ್' ಎಂಬ ಫಲನದಿಂದ ಮೊತ್ತವನ್ನೂ 'ಲೆಂಗ್ತ್' ಎಂಬುದರಿಂದ ಪಟ್ಟಿಯ ಉದ್ದವನ್ನೂ ಪಡೆದು ನಡುವೆ ಭಾಗಾಕಾರದ ಗೆರೆಯನ್ನಿಟ್ಟರೆ, ಡಬಲ್ ಬೇಕಾದೆಡೆಯಲ್ಲಿ ಇಂಟ್ ಬಂದಿದೆಯೆಂದು ಕಂಪೈಲರ್ ಕ್ರಮವಿಧಿಯನ್ನು ನಿರಾಕರಿಸುವುದು. ಇದಕ್ಕಿಂತಲೂ ಸೋಜಿಗವೆಂದರೆ, ಲೆಂಗ್ತ್ ಇದ್ದೆಡೆಯಲ್ಲಿ 4 ಎಂಬ ಅಂಕಿಯನ್ನು ಬರೆದರೆ ಅದೇ ಯಂತ್ರವು ಮರುಮಾತಿಲ್ಲದೆ 15.25 ಎಂದು ಉತ್ತರ ಕೊಡುವುದು. ನಾಲ್ಕು ನಾಲ್ಕೇ ಅಲ್ಲವೇ?

ಈ ಭಾಷೆಯಲ್ಲಿ ಪ್ರತಿಯೊಂದು ಸಂಖ್ಯೆಗೂ ಬೆಲೆಯಲ್ಲದೆ ಒಂದು ಪ್ರಕಾರವೂ ಉಂಟು. ಕೈಯಿಂದ ಬರೆದ 4 ಇನ್ನೂ ಪ್ರಕಾರ ನಿಶ್ಚಿತವಾಗದ ಸಂಖ್ಯೆ. ಪೂರ್ಣಾಂಕದ ಎಡೆಯಲ್ಲಿ 'ಇಂಟ್' ಆಗಿಯೂ ದಶಮಾಂಶದ ಎಡೆಯಲ್ಲಿ 'ಡಬಲ್' ಆಗಿಯೂ ನಿಲ್ಲಬಲ್ಲದು. ಲೆಂಗ್ತ್ ಎಣಿಸಿ ಕೊಟ್ಟ ನಾಲ್ಕಾದರೋ ಇಂಟ್ ಎಂದು ಆಗಲೇ ನಿಶ್ಚಯವಾದುದು. ಗದಗ-ಬೆಟಗೇರಿಯನ್ನು ಒಂದು ಊರೆನ್ನಬೇಕೋ ಎರಡೆನ್ನಬೇಕೋ ಎಂದು ಚರ್ಚಿಸಬಹುದು, ಒಂದೂವರೆ ಎನ್ನುವಂತಿಲ್ಲ. ಭಾಗಾಕಾರದ ಗೆರೆಯಾದರೆ ಎರಡು ಬದಿಗಳಲ್ಲಿಯೂ ಒಂದೇ ಪ್ರಕಾರವನ್ನು, ಅದರಲ್ಲಿಯೂ 'ಫ್ರಾಕ್ಷನಲ್' ವರ್ಗಕ್ಕೆ ಸೇರಿದುದನ್ನು, ಬೇಡುತ್ತದೆ. ಇಂಟ್ ಆ ವರ್ಗದಲ್ಲಿಲ್ಲ. ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ 1989ರಲ್ಲಿ ಪ್ರಕಟಿಸಿದ ವರ್ಗಕಲ್ಪನೆಯೇ ಈ ಏರ್ಪಾಡಿಗೆ ಮೂಲ.

ಪರಿಹಾರವು ಒಂದೇ ಪದದ್ದು. ಲೆಂಗ್ತ್ ಕೊಟ್ಟ ಫಲಕ್ಕೆ 'ಫ್ರಮ್‌ಇಂಟಿಗ್ರಲ್' ಎಂಬ ಫಲನವನ್ನು ಅನ್ವಯಿಸಿದರೆ ಅದು ಡಬಲ್ ಆಗಿ ಪರಿವರ್ತನೆ ಹೊಂದುವುದು. ದೋಷವು ತಪ್ಪಿದರೆ ಸಾಕೆಂದು 4 ಎಂದೇ ಬರೆದುಬಿಡುವವರುಂಟು. ಇದು ಅಪಾಯದ ದಾರಿ. ಒಂದು ದಿನ ಮುಂಡರಗಿಯ ಅಂಕಿಯು ಬಾರದೆ ಹೋಯಿತೆನ್ನಿ. ಉಳಿದ ಮೂರರ ಮೊತ್ತ 52. ಸರಾಸರಿಯು ಸುಮಾರು 17.33 ಆಗತಕ್ಕದ್ದು. ಬರೆದಿಟ್ಟ ನಾಲ್ಕು ಅದನ್ನು 13 ಎಂದು ಹೇಳುವುದು. ಇಂತಹ ತಪ್ಪನ್ನು ಯಾವ ಕಂಪೈಲರೂ ಹಿಡಿಯಲಾರದು.

ಎದುರು ದಿಕ್ಕಿನಲ್ಲಿ, ಎಂದರೆ ಡಬಲ್‌ನಿಂದ ಇಂಟ್‌ಗೆ ಬರುವಾಗ, ಇಂತಹ ಒಂದೇ ಫಲನವಿಲ್ಲ. ದಶಮಾಂಶದ ಭಾಗವನ್ನು ಏನು ಮಾಡಬೇಕೆಂಬುದನ್ನು ಬರೆಯುವವನೇ ನಿರ್ಣಯಿಸಿ 'ಫ್ಲೋರ್', 'ಸೀಲಿಂಗ್', 'ಟ್ರಂಕೇಟ್', 'ರೌಂಡ್' ಇವುಗಳಲ್ಲೊಂದನ್ನು ಆರಿಸಬೇಕು. ಕೊನೆಯದರಲ್ಲಿ ಮಾತ್ರ ನಮ್ಮ ಶಾಲೆಯ ಅಭ್ಯಾಸವು ಕೈಕೊಡುವುದು: ಸರಿಯಾಗಿ ಅರ್ಧ ಉಳಿದಾಗ ಅದು ಸಮಸಂಖ್ಯೆಯತ್ತ ವಾಲುವುದರಿಂದ, 15.5 ಎಂಬುದು 16 ಆಗುವುದು, 14.5 ಮಾತ್ರ 15 ಆಗದೆ 14ಕ್ಕೆ ಇಳಿಯುವುದು.