ಗಣಿತದ ಬಾಗಿಲು

ಅಮೀರ್‌ಪೇಟೆಯ ಮೈತ್ರಿವನಂ ಸುತ್ತ ಎಲ್ಲಿ ನೋಡಿದರೂ ಜಾವಾ, ಪೈಥಾನ್ ಕಲಿಸುವವರ ಫಲಕಗಳು. ಫೀಸು ಕಟ್ಟಿದರೆ ಸಾಕು, ಇಂಟರ್‌ನಲ್ಲಿ ಏನು ಓದಿದ್ದೆ ಅಂತ ಕೇಳೋದಿಲ್ಲ. ಕಂಪ್ಯೂಟರ್ ಬಿ.ಟೆಕ್.ಗಾದರೆ ಇಂಟರ್‌ನ ಗಣಿತ ಬೇಕು. 16ನೇ ವಯಸ್ಸಿಗೆ ಜೀವಶಾಸ್ತ್ರವನ್ನೋ ವಾಣಿಜ್ಯವನ್ನೋ ಹಿಡಿದವರಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದ ಹಾಗೇ.

ಗಣಿತ ಬೇಡ ಅಂತ ನಾನು ವಾದಿಸುತ್ತಿಲ್ಲ. ಅಕಾರಾದಿಯಾಗಿ ಜೋಡಿಸಿದ 1000 ಹೆಸರುಗಳಲ್ಲಿ ಒಂದನ್ನು ಹೆಚ್ಚೆಂದರೆ 10 ಹೆಜ್ಜೆಗೆ ಹುಡುಕಬಹುದು. ಯಾಕೆ ಅಂತ ತಿಳಿಯಲು ಲಾಗರಿದಮ್ ಬೇಕು. ಆದರೆ ಅದನ್ನು ಆಮೇಲೆ ಕಲಿಯಬಾರದೆ?

ಮದ್ರಾಸ್ ಐಐಟಿ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಪದವಿಗೆ ಹತ್ತನೆಯ ತರಗತಿಯವರೆಗಿನ ಗಣಿತ ಸಾಕು. ಮೊದಲು ನಾಲ್ಕು ವಾರ ಪಾಠ, ಆಮೇಲೆ ಅರ್ಹತಾ ಪರೀಕ್ಷೆ. ಇದು ನ್ಯಾಯ. ಗಣಿತ ಬರುತ್ತದೆಯೇ ಅಂತ ಕೇಳಲಿ; ಯಾವಾಗ ಕಲಿತೆ ಅಂತ ಯಾಕೆ ಕೇಳಬೇಕು?