ನಾಣಕಪರೀಕ್ಷೆಯೂ ಇಂದಿನ ಹರಾಜುಕಟ್ಟೆಯೂ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ನಾಣಕಪರೀಕ್ಷಕನನ್ನು ಕುರಿತು ಒಂದು ವಿಧಿಯುಂಟು. ಕೂಟವಾದ ನಾಣ್ಯವನ್ನು ಒಳ್ಳೆಯದೆಂದು ಹೇಳಿದವನಿಗೆ ಯಾವ ದಂಡವೋ, ಒಳ್ಳೆಯದನ್ನು ಕೂಟವೆಂದು ಹೇಳಿದವನಿಗೂ ಅದೇ ದಂಡ. ಅದೂ ಉತ್ತಮಸಾಹಸವೆಂಬ ಹಿರಿಯ ದಂಡ, ಆ ಸ್ಮೃತಿಯ ಲೆಕ್ಕದಲ್ಲಿಯೇ 1080 ಪಣ. ಎರಡು ತಪ್ಪುಗಳನ್ನೂ ಸಮವಾಗಿ ತೂಗಿರುವುದು ಗಮನಾರ್ಹವಾದುದು. ಈ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಗದ್ಯಾಣ, ಹಾಗ, ವೀಸಗಳ ವ್ಯವಹಾರವು ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣಬರುವ ನಾಡಿನಲ್ಲಿ ಕುಳಿತು ಬರೆದವನಿಗೆ ಈ ವಿಧಿಯು ಕೇವಲ ಪುಸ್ತಕದ ಮಾತಾಗಿದ್ದಿರಲಾರದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ರೂಪದರ್ಶಕನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಆದರೆ ಆ ರೂಪದರ್ಶಕನ ಕೈಯಲ್ಲಿ ನಾಣ್ಯವಿರುತ್ತಿದ್ದಿತು. ಅದನ್ನು ತೂಗಬಹುದಾಗಿದ್ದಿತು, ಒರೆಹಚ್ಚಬಹುದಾಗಿದ್ದಿತು, ಕಲ್ಲಿನ ಮೇಲೆ ಬೀಳಿಸಿ ನಾದವನ್ನು ಕೇಳಬಹುದಾಗಿದ್ದಿತು.

ಇಂದು ಅಂತರ್ಜಾಲದ ಹರಾಜುಗಳಲ್ಲಿ ಹಳೆಯ ನಾಣ್ಯಗಳನ್ನು ಕೊಳ್ಳುವವನಿಗೆ ಸಿಕ್ಕುವುದು ಎರಡು ಚಿತ್ರಗಳು, ನಾಲ್ಕು ಸಾಲಿನ ವರ್ಣನೆ, ಮಾರುವವನ ಹೆಸರಿನ ಮುಂದೆ ಹಿಂದಿನ ಗಿರಾಕಿಗಳು ಬರೆದ ಹೊಗಳಿಕೆ. ಚಿನಿವಾರನ ಅಂಗಡಿಯೂ ಇಲ್ಲ, ತಕ್ಕಡಿಯೂ ಇಲ್ಲ. ಇಂತಹ ಸ್ಥಿತಿಯಲ್ಲಿ ಪರೀಕ್ಷೆಯೇ ಅಸಾಧ್ಯವೆಂದು ತೋರಬಹುದು. ಆದರೆ ಮೂಲವಸ್ತುವನ್ನು ನೋಡದೆ ಪ್ರತಿಗಳಿಂದಲೇ ಸತ್ಯಾಸತ್ಯಗಳನ್ನು ವಿವೇಚಿಸುವ ಕಾರ್ಯವು ವಿದ್ವಾಂಸರಿಗೆ ಹೊಸದಲ್ಲ. ಗ್ರಂಥಸಂಪಾದನೆಯೂ ಕೂಟಶಾಸನಗಳ ವಿಮರ್ಶೆಯೂ ಬಹುಮಟ್ಟಿಗೆ ಇದೇ ಆಗಿದೆ. ಗಂಗರ ತಾಮ್ರಶಾಸನಗಳನ್ನು ಕುರಿತು ರೈಸ್ ಮತ್ತು ಫ್ಲೀಟ್ ಮಹಾಶಯರಿಗೆ ನಡೆದ ದೀರ್ಘವಾದವು ಪ್ರಸಿದ್ಧವಾಗಿಯೇ ಇದೆ. ಮಡಿಕೇರಿಯ ತಾಮ್ರಪಟವೇ ಮೊದಲಾದುವನ್ನು ಫ್ಲೀಟರು ಸಂಶಯಿಸಿದುದು ಲೋಹವನ್ನು ಒರೆಗೆ ಹಚ್ಚಿಯಲ್ಲ. ಲಿಪಿಯ ಕಾಲವೂ ಹೇಳಿದ ತೇದಿಯೂ ಒಂದಕ್ಕೊಂದು ಹೊಂದುವುವೇ ಎಂದು ಕೇಳಿ. ಈ ಪ್ರಶ್ನೆಯನ್ನೇ ಹರಾಜಿನ ಚಿತ್ರಕ್ಕೂ ಹಾಕಬಹುದು.

ಮೊದಲನೆಯದಾಗಿ ಕಾಲದ ವಿಚಾರ. ಟೀಪು ಸುಲ್ತಾನನ ನಾಣ್ಯಗಳು ಇದಕ್ಕೆ ಬಹಳ ಒಳ್ಳೆಯ ಉದಾಹರಣೆ. ಅವನ ಮೊದಲ ನಾಣ್ಯಗಳಲ್ಲಿ ಹಿಜರಿ 1197 ರಿಂದ 1200 ರವರೆಗಿನ ವರ್ಷಗಳಿವೆ. ಆಮೇಲೆ ಅವನು ಮೌಲೂದಿಯೆಂಬ ಹೊಸ ಗಣನೆಯನ್ನು ತಂದನು. 1200 ರ ಮುಂದಿನ ವರ್ಷವು ನಾಣ್ಯಗಳಲ್ಲಿ 1215 ಎಂದಾಯಿತು. ಅಷ್ಟೇ ಅಲ್ಲದೆ ಈ ಹೊಸ ವರ್ಷದ ಅಂಕಗಳನ್ನು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಬರೆಯುವ ಪದ್ಧತಿಯೂ ಬಂದಿತು. ಎಡದಿಂದ ಓದುವವನ ಕಣ್ಣಿಗೆ 1215 ಎಂಬುದು 5121 ಎಂದು ಕಾಣುವುದು. ಇದರ ಫಲವೇನೆಂದರೆ, ಆನೆಯ ಚಿತ್ರವುಳ್ಳ ಟೀಪುವಿನ ತಾಮ್ರದ ಕಾಸಿನ ಮೇಲೆ 1208 ಎಂಬ ವರ್ಷವು ಸ್ಫುಟವಾಗಿ ಇದ್ದರೆ ಅದು ಆ ಅರಸನ ಕಮ್ಮಟದಿಂದ ಬಂದುದಲ್ಲ. ಆ ವರ್ಷವೇ ಅವನ ನಾಣ್ಯಗಳ ಗಣನೆಯಲ್ಲಿಲ್ಲ. ಕೂಟಕಾರನು ಪಾರಸಿ ಅಂಕಗಳನ್ನು ಬಲ್ಲವನಾದರೂ ಈ ಮುರಿವನ್ನು ಬಲ್ಲವನಾಗಿರುವುದು ಅಪೂರ್ವ. ಹೆಂಡರ್ಸನ್ನರು 1921 ರಲ್ಲಿ ಪ್ರಕಟಿಸಿದ ಹೈದರ್-ಟೀಪುಗಳ ನಾಣ್ಯಗಳ ಪುಸ್ತಕವನ್ನು ಎದುರಿಗಿಟ್ಟುಕೊಂಡು ವರ್ಷವನ್ನೂ ಕಮ್ಮಟದ ಹೆಸರನ್ನೂ ಕೂಡಿಸಿ ನೋಡುವವನಿಗೆ ಎಷ್ಟೋ ನಾಣ್ಯಗಳ ವಿಷಯದಲ್ಲಿ ಮುಂದಿನ ಪರೀಕ್ಷೆಯೇ ಬೇಕಾಗುವುದಿಲ್ಲ.

ಇದಕ್ಕಿಂತಲೂ ಸ್ಥೂಲವಾದ ವಂಚನೆಯು ಕುಂಪಣಿಯ ಹೆಸರಿನಲ್ಲಿ ನಡೆಯುತ್ತಿದೆ. ಒಂದು ಮುಖದಲ್ಲಿ ಶ್ರೀರಾಮಪಟ್ಟಾಭಿಷೇಕವೋ ಆಂಜನೇಯನೋ, ಇನ್ನೊಂದು ಮುಖದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಒಂದು ಆಣೆ ಎಂಬ ಬೆಲೆ, 1818 ಎಂಬ ವರ್ಷ ಇವುಗಳಿರುವ ತಾಮ್ರದ ಬಿಲ್ಲೆಗಳು ಲೆಕ್ಕವಿಲ್ಲದಷ್ಟು ಹರಾಜಿಗೆ ಬರುತ್ತಿವೆ. ಸಾವಿರಗಟ್ಟಲೆಯ ಬೆಲೆಯನ್ನು ಹೇಳುವವರೂ ಉಂಟು. 1818 ರಲ್ಲಿ ಬಂಗಾಳ, ಮದರಾಸು, ಮುಂಬಯಿ ಆಧಿಪತ್ಯಗಳು ಬೇರೆಬೇರೆ ನಾಣ್ಯಗಳನ್ನು ಹಾಕಿಸುತ್ತಿದ್ದುವು. ಏಕರೂಪವಾದ ನಾಣ್ಯಪದ್ಧತಿಯು ಬಂದುದು 1835 ರಲ್ಲಿ. ಆ ಪದ್ಧತಿಯಲ್ಲಿ ತಾಮ್ರದ ಅರ್ಧ ಆಣೆಯೂ ಕಾಲು ಆಣೆಯೂ ಇದ್ದುವೇ ಹೊರತು, ಜನರ ಕೈಗೆ ಬಂದ ಒಂದಾಣೆಯ ನಾಣ್ಯವು 1907 ರ ವರ್ಷವುಳ್ಳ ನಿಕಲ್ ಮಿಶ್ರಲೋಹದ್ದು. ಮನೆಗಳ ದೇವರ ಪೆಟ್ಟಿಗೆಯಲ್ಲಿ ಪೂಜೆಗಾಗಿ ಇಟ್ಟಿರುವ ರಾಮಟಂಕಗಳನ್ನು ಇವುಗಳ ಜೊತೆಗೆ ಸೇರಿಸಿ ನಿಂದಿಸಬಾರದು. ಅವು ಯಾರನ್ನೂ ಮೋಸಗೊಳಿಸಲು ಹುಟ್ಟಿದುವಲ್ಲ. ಅವುಗಳನ್ನು ಚಲಾವಣೆಯ ನಾಣ್ಯವೆಂದು ಮಾರುವವನ ಬಾಯಲ್ಲಿ ಮಾತ್ರ ಅವು ಕೂಟವಾಗುವುವು. ಅಕ್ಕಿಯ ಕಾಳನ್ನು ಸೆಳೆಯುವ ಅದ್ಭುತನಾಣ್ಯವೆಂದು ಲಕ್ಷಗಟ್ಟಲೆ ಹಣವನ್ನು ಕೀಳುವವರ ವಿಷಯವನ್ನು ಪಂಡಿತಪತ್ರಿಕೆಯಲ್ಲಿ ಬೆಳೆಸಬೇಕಾಗಿಲ್ಲ.

ಆದರೆ ಕುಂಪಣಿಯವರು ದೇವತೆಗಳನ್ನು ನಾಣ್ಯದ ಮೇಲೆ ಹಾಕಲೇ ಇಲ್ಲವೆಂದು ಸೂತ್ರವನ್ನು ಮಾಡಿಕೊಂಡವನು ಯಾಜ್ಞವಲ್ಕ್ಯನ ಎರಡನೆಯ ದಂಡಕ್ಕೆ ಗುರಿಯಾಗುವನು. ಮದರಾಸಿನ ಮೂರುಸ್ವಾಮಿ ವರಹಗಳಲ್ಲಿ ದೇವಿಯರ ನಡುವೆ ಸ್ವಾಮಿಯ ಮೂರ್ತಿಯಿದೆ. 1808 ರ ಹೊತ್ತಿನ ಬೆಳ್ಳಿಯ ಅರೆವರಹದಲ್ಲಿ ಒಂದು ಕಡೆ ಗೋಪುರವೂ ಇನ್ನೊಂದು ಕಡೆ ವಿಷ್ಣುಮೂರ್ತಿಯೂ ಇವೆ. ಇವು ಸಾಚಾ ನಾಣ್ಯಗಳು. ಅರ್ಧ ತಿಳಿದ ಪರೀಕ್ಷಕನು ಇವನ್ನು ಗೊಂಬೆಯ ಬಿಲ್ಲೆಗಳೆಂದು ಒತ್ತಟ್ಟಿಗೆ ತಳ್ಳುವುದು ಅಸಂಭವವಲ್ಲ.

ಕಾಲದಲ್ಲಿಯೂ ಲೇಖದಲ್ಲಿಯೂ ತಪ್ಪಿಲ್ಲದ ಕೂಟಗಳೇ ನಿಜವಾಗಿ ಕಷ್ಟವಾದುವು. ಸಾಚಾ ನಾಣ್ಯದಿಂದಲೇ ಪಡಿಯಚ್ಚನ್ನು ತೆಗೆದು ಎರಕ ಹೊಯ್ದರೆ ಅಥವಾ ಹೊಸ ಅಚ್ಚನ್ನು ಮಾಡಿ ಹೊಡೆದರೆ ಲಿಪಿಯ ದೋಷವೆಲ್ಲಿಂದ ಬರಬೇಕು? ಕೃಷ್ಣದೇವರಾಯನ ವರಹದ ಹಿಂಬದಿಯಲ್ಲಿ ಶ್ರೀ ಪ್ರತಾಪ ಕೃಷ್ಣರಾಯ ಎಂದು ಮೂರು ಸಾಲುಗಳಲ್ಲಿರುವ ನಾಗರಲೇಖವು ಆಗ ಹಾಗೆಯೇ ಬರುವುದು. ಇಲ್ಲಿ ಸಂಪಾದಕನ ಇನ್ನೊಂದು ನ್ಯಾಯವು ನೆರವಿಗೆ ಬರುತ್ತದೆ. ಎರಡು ಓಲೆಯ ಪ್ರತಿಗಳಲ್ಲಿ ಒಂದೇ ಅಸಂಬದ್ಧವಾದ ಅಪಪಾಠವಿದ್ದರೆ, ಒಂದೇ ಕಡೆ ಸಾಲು ಬಿಟ್ಟುಹೋಗಿದ್ದರೆ, ಅವೆರಡೂ ಒಂದು ಮಾತೃಕೆಯಿಂದ ಇಳಿದುವೆಂದು ನಿರ್ಣಯಿಸುವುದು ರೂಢಿಯಷ್ಟೆ. ಕೈಯಿಂದ ಸುತ್ತಿಗೆ ಹೊಡೆದು ಮಾಡಿದ ನಾಣ್ಯಗಳಲ್ಲಿ ಅಚ್ಚು ಒಂದೇ ಆದರೂ ಪೆಟ್ಟು ಒಂದೇ ಆಗಲಾರದು; ಒಂದರಲ್ಲಿ ಮೂರ್ತಿಯ ಬಲಗೈ ಅಂಚಿನಾಚೆ ಹೋಗಿದ್ದರೆ ಮತ್ತೊಂದರಲ್ಲಿ ಶ್ರೀಕಾರವು ಅರ್ಧ ಉಳಿದಿರುವುದು. ಬಳಕೆಯ ಗೀರುಗಳಂತೂ ಪ್ರತಿಯೊಂದಕ್ಕೂ ಅದರದರ ಜಾತಕವಿದ್ದಂತೆ. ಆದುದರಿಂದ ಬೇರೆಬೇರೆ ಹರಾಜುಗಳಲ್ಲಿ ಬಂದ ಎರಡು ವರಹಗಳಲ್ಲಿ ಒಂದೇ ಅಕ್ಷರವು ಒಂದೇ ಅಳತೆಯಲ್ಲಿ ಅಂಚಿನಾಚೆ ಹೋಗಿ, ಒಂದೇ ಕಡೆ ಒಂದೇ ಗೀರು ಇದ್ದರೆ, ಒಂದೇ ನಾಣ್ಯವು ಕೈಬದಲಾಗಿರಬೇಕು. ಇಲ್ಲವೆ ಎರಡರಲ್ಲೊಂದಾದರೂ ಪಡಿಯಚ್ಚಿನ ಸಂತಾನವಾಗಿರಬೇಕು. ಹಳೆಯ ಹರಾಜುಗಳ ಚಿತ್ರಗಳೂ ವಸ್ತುಸಂಗ್ರಹಾಲಯಗಳ ಪಟ್ಟಿಗಳೂ ಈಗ ಕುಳಿತಲ್ಲಿಯೇ ನೋಡಲು ಸಿಕ್ಕುವುದರಿಂದ ಈ ಪರೀಕ್ಷೆಯು ಹಿಂದಿನವರಿಗಿಂತ ಇಂದಿನವರಿಗೆ ಸುಲಭವಾಗಿದೆ. ಮಾರುವವನು ಸಂಗ್ರಹಾಲಯದ ಚಿತ್ರವನ್ನೇ ಕದ್ದು ತನ್ನದೆಂದು ತೋರಿಸುವುದೂ ಇದೇ ದಾರಿಯಿಂದ ಹೊರಬೀಳುವುದು.

ಎರಕದ ಕೂಟಕ್ಕೆ ಬೇರೆ ಗುರುತುಗಳಿವೆ. ಅಕ್ಷರಗಳ ಬದಿಗಳು ಮೇಣದಂತೆ ಕರಗಿ ದುಂಡಾಗಿರುವುವು; ಬಯಲು ಭಾಗದಲ್ಲಿ ಸೂಜಿಯ ಮೊನೆಯಷ್ಟು ಗುಳಿಗಳಿರುವುವು; ಅಂಚಿನ ಸುತ್ತಲೂ ಎರಡು ಪಡಿಗಳು ಕೂಡಿದ ಗೆರೆಯನ್ನು ಅರದಿಂದ ಉಜ್ಜಿರುವುದು ಕಾಣುವುದು. ಅಂಚಿನ ಚಿತ್ರವನ್ನು ಕೇಳಿದರೆ ಕೊಡಲೊಲ್ಲದ ಮಾರಾಟಗಾರನ ಮೌನವೇ ಒಂದು ಉತ್ತರ. ತೂಕವನ್ನೂ ಕೇಳಬೇಕು. ವಿಜಯನಗರದ ವರಹವು ಸುಮಾರು 3.4 ಗ್ರಾಂ ತೂಗುವುದು. ಬ್ರಿಟಿಷರ ಬೆಳ್ಳಿಯ ರೂಪಾಯಿ 11.66 ಗ್ರಾಂ, ಎಂದರೆ ಒಂದು ತೊಲ.

ತೂಕದಿಂದ ಬಗೆಹರಿಯದ ಸಂದರ್ಭಗಳೂ ಉಂಟು. ಆರನೆಯ ಜಾರ್ಜನ 1939 ರ ರೂಪಾಯಿಯು ಬಹು ವಿರಳ. 1938 ರದು ಹಾಗಲ್ಲ. ಎರಡರ ತೂಕವೂ ಬೆಳ್ಳಿಯೂ ಒಂದೇ. 8 ಎಂಬ ಅಂಕದ ಕೆಳಸುತ್ತನ್ನು ಎಡಗಡೆ ಕೆತ್ತಿ 9 ಮಾಡಿದವನು ತಕ್ಕಡಿಯನ್ನು ಗೆದ್ದಂತೆಯೇ. ಅಲ್ಲಿ ಭೂತಗನ್ನಡಿಯೊಂದೇ ಗತಿ: ಅಂಕದ ಸುತ್ತಲಿನ ಬಯಲು ಉಳಿದ ಭಾಗಕ್ಕಿಂತ ತಗ್ಗಾಗಿಯೋ ಹೊಳಪಾಗಿಯೋ ಇದೆಯೇ ಎಂದು ನೋಡಬೇಕು.

ನಾಣ್ಯವು ಕೈಗೆ ಬಂದ ಮೇಲೆ ಕಟ್ಟನ್ನು ಬಿಚ್ಚುವಾಗಿನಿಂದಲೇ ಚಿತ್ರ ತೆಗೆದಿಡುವುದು ಮುಂದಿನ ವ್ಯಾಜ್ಯಕ್ಕೆ ಆಧಾರ. ಅಯಸ್ಕಾಂತಕ್ಕೆ ಅಂಟುವುದು ಬೆಳ್ಳಿಯೂ ಅಲ್ಲ, ಚಿನ್ನವೂ ಅಲ್ಲ. ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿ ಸಾಂದ್ರತೆಯನ್ನು ಕಂಡುಹಿಡಿಯಬಹುದು: ಶುದ್ಧವಾದ ಚಿನ್ನಕ್ಕೆ 19.3, ಬೆಳ್ಳಿಗೆ 10.5, ತಾಮ್ರಕ್ಕೆ ಸುಮಾರು 9. ಆದರೆ ಅರ್ಧ ಗ್ರಾಮಿಗಿಂತಲೂ ಹಗುರವಾದ ಕಂಠೀರವ ಹಣದಂತಹ ನಾಣ್ಯದಲ್ಲಿ ನೀರಿನ ತೂಕವು ಮನೆಯ ತಕ್ಕಡಿಗೆ ನಿಲುಕುವುದಿಲ್ಲ. ಒರೆಗಲ್ಲಿಗೆ ಉಜ್ಜುವುದು ಪ್ರಾಚೀನವಸ್ತುವಿಗೆ ಹಾನಿ. ಇಷ್ಟೆಲ್ಲ ಆದರೂ ಲೋಹದ ಪರೀಕ್ಷೆಯು ಲೋಹವನ್ನೇ ಹೇಳುವುದು, ಕಾಲವನ್ನಲ್ಲ. ಹಳೆಯ ಒಡವೆಯನ್ನು ಕರಗಿಸಿ ಹೊಸ ವರಹವನ್ನು ಹೊಡೆಯಲು ಯಾವ ಅಡ್ಡಿಯೂ ಇಲ್ಲ.

ಮೋಸವು ಗೊತ್ತಾದಾಗ ಮೊದಲು ಹರಾಜಿನ ಸಂಸ್ಥೆಗೆ ಅವಧಿಯೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ವರ್ಣಿಸಿದಂತಿಲ್ಲದ ಸರಕನ್ನು ಹಿಂತೆಗೆದುಕೊಳ್ಳಲು ಮಾರಾಟಗಾರನು ನಿರಾಕರಿಸಕೂಡದೆಂದು 2020 ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ವಿಧಿಸಿವೆ. ಬೇಕೆಂದೇ ಮಾಡಿದ ಮೋಸವು ಭಾರತೀಯ ನ್ಯಾಯ ಸಂಹಿತೆಯ 318 ನೆಯ ಪ್ರಕರಣದಂತೆ ವಂಚನೆ. ಹಣವು ಹೋದೊಡನೆ 1930 ಎಂಬ ದೂರವಾಣಿ ಸಂಖ್ಯೆಗೆ ದೂರು ಕೊಡಬಹುದು. ಮನೆಯ ಹಳೆಯ ನಾಣ್ಯಕ್ಕೆ ಭಾರಿ ಬೆಲೆ ಕೊಡುವೆವೆಂದು ಹೇಳಿ, ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಮುಂಗಡವಾಗಿ ತೆರಿಗೆಯನ್ನೋ ದಳ್ಳಾಳಿಯನ್ನೋ ಕೇಳುವವರ ವಿಷಯದಲ್ಲಿ ಆ ಬ್ಯಾಂಕೇ 2021 ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿತು. ಸಾಚಾ ನಾಣ್ಯವಾದರೂ ನೂರು ವರ್ಷ ದಾಟಿದುದು 1972 ರ ಕಾನೂನಿನಂತೆ ಪುರಾತನವಸ್ತು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ನೆಲದಲ್ಲಿ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿಯು ಸಿಕ್ಕಿದರೆ 1878 ರ ಕಾನೂನಿನಂತೆ ಕಲೆಕ್ಟರಿಗೆ ತಿಳಿಸಬೇಕು. ಹೊಲದಲ್ಲಿ ಸಿಕ್ಕಿತೆಂಬ ಕಥೆಯನ್ನು ಹೇಳಿ ಮಾರುವವನು ಸುಳ್ಳುಗಾರನಾಗಿರಬೇಕು, ಇಲ್ಲವೆ ಅಪರಾಧಿಯಾಗಿರಬೇಕು.

ಕೊಂಡವನ ಹಣಕ್ಕಿಂತ ಹೆಚ್ಚಿನ ನಷ್ಟವು ಬೇರೆಡೆಯಲ್ಲಿದೆ. ಹರಾಜಿನ ಚಿತ್ರವೊಂದರಲ್ಲಿ ಎಲ್ಲಿಯೂ ಕಾಣದ ಬಿರುದನ್ನು ಓದಿ, ಅದರಿಂದ ಅರಸನ ಕಾಲವನ್ನೋ ಕಮ್ಮಟದ ಸ್ಥಳವನ್ನೋ ನಿರ್ಣಯಿಸಿದ ಲೇಖನವು ಒಮ್ಮೆ ಅಚ್ಚಾದರೆ, ಮುಂದಿನವರು ಲೇಖನವನ್ನು ಉದಾಹರಿಸುವರು, ನಾಣ್ಯವನ್ನು ನೋಡುವವರಿಲ್ಲ. ಅಷ್ಟು ಹೊತ್ತಿಗೆ ಚಿತ್ರವೂ ಅಳಿಸಿಹೋಗಿರುವುದು. ಆದುದರಿಂದ ಅಂತಹ ನಾಣ್ಯವನ್ನು ಉಲ್ಲೇಖಿಸುವಾಗ ಹರಾಜಿನ ದಿನ, ತೂಕ, ಅಳತೆ, ಹಿಂದಿನ ಒಡೆತನ ಇವನ್ನು ಬರೆದು, ವಸ್ತುವನ್ನು ಕಣ್ಣಾರೆ ಕಂಡುದಲ್ಲವೆಂದೂ ಸ್ಪಷ್ಟವಾಗಿ ಹೇಳಬೇಕು. ಕಳೆದುಹೋದ ಶಾಸನದ ಕೈನಕಲಿಗೆ ಕೊಡುವಷ್ಟೇ ಪ್ರಾಮಾಣ್ಯವು ಇದಕ್ಕೂ ಸಾಕು.

ಕೂಟವೆಂದು ಖಚಿತವಾಗಿ ಹಿಂದಕ್ಕೂ ಹೋಗದ ನಾಣ್ಯವನ್ನು ಕೆಲವರು ಸಿಟ್ಟಿನಿಂದ ಬಿಸಾಡುವರು. ಕೆಲವರು ನಷ್ಟವನ್ನು ತುಂಬಿಕೊಳ್ಳಲು ಮತ್ತೊಬ್ಬರಿಗೆ ದಾಟಿಸುವರು. ಎರಡನೆಯದು ಕೊಂಡವನನ್ನೇ ಕೂಟಕಾರನ ಪಾಲುಗಾರನನ್ನಾಗಿ ಮಾಡುವುದು. ಅದನ್ನು ತೂಗಿ, ಎರಡು ಮುಖಗಳನ್ನೂ ಅಂಚನ್ನೂ ಚಿತ್ರ ತೆಗೆದು, ಕೂಟವೆಂದು ಬರೆದ ಚೀಟಿಯೊಡನೆ ಬೇರೆ ಡಬ್ಬಿಯಲ್ಲಿ ಇಡತಕ್ಕದ್ದು. ಅದೇ ಪಡಿಯಚ್ಚಿನ ಇನ್ನೊಂದು ನಾಣ್ಯವು ಹರಾಜಿಗೆ ಬಂದ ದಿನ, ಪಕ್ಕದಲ್ಲಿಟ್ಟು ನೋಡಲು ಅದೊಂದೇ ಪ್ರತಿ ದೊರೆಯುವುದು.